ಬಚ್ಚಲೊಲೆಯ ಬಿಸಿನೀರು, ಕೋಳಿಭ್ರೂಣದ ಬೆರಳು

ಭ್ರೂಣದಲ್ಲಿ ಪಾದ ಮೊದಲು ದೋಸೆ ಸೌಟಿನ ಹಾಗೆ ಚಪ್ಪಟೆ, ಆಮೇಲೆ ನಡುವಿನ ಜೀವಕೋಶಗಳು ತಾವಾಗಿ ಸತ್ತು ಬೆರಳು ಬಿಡಿಯಾಗುತ್ತವೆ. ಡಿಗ್ರಿ ಮಕ್ಕಳಿಗೆ ವರ್ಷಗಟ್ಟಲೆ ಇಷ್ಟು ಹೇಳಿ ಮುಂದೆ ಹೋಗುತ್ತಿದ್ದೆ. ಕಳೆದ ಮಳೆಗಾಲದಲ್ಲಿ ಒಬ್ಬಳು ಕೇಳಿಬಿಟ್ಟಳು: "ನೀವು ನೋಡಿದ್ದೀರಾ ಮೇಡಂ?" ನೋಡಿರಲಿಲ್ಲ.

ಅಂಗಡಿಯ ಫಾರಂ ಮೊಟ್ಟೆ ಮರಿ ಕಟ್ಟುವುದಿಲ್ಲ, ಅಲ್ಲಿ ಹುಂಜವೇ ಇಲ್ಲವಲ್ಲ. ಮಡಿಕೇರಿಯ ನಮ್ಮ ಬೀದಿಯ ಕೊನೆಮನೆ ಅಕ್ಕನ ಹತ್ತಿರ 12 ನಾಟಿ ಮೊಟ್ಟೆ ಕೇಳಿದೆ. "ಮರಿ ಮಾಡಿಸ್ತೀರಾ, ಸಾರು ಮಾಡ್ತೀರಾ?" ಎಂದರು. "ಎರಡೂ ಅಲ್ಲಕ್ಕ" ಎಂದದ್ದಕ್ಕೆ ನನ್ನನ್ನೇ ಒಂದು ಗಳಿಗೆ ನೋಡಿದರು.

ಥರ್ಮಕೋಲ್ ಪೆಟ್ಟಿಗೆ, 40 ವ್ಯಾಟ್ ಬಲ್ಬು, 37.5 ಡಿಗ್ರಿಗೆ ಇಟ್ಟ ಥರ್ಮೋಸ್ಟಾಟ್, ಒಂದು ಬಟ್ಟಲು ನೀರು. ದಿನಕ್ಕೆ ಮೂರು ಸಲ ಮೊಟ್ಟೆ ಹೊರಳಿಸಿದೆ. ಕೋಳಿಮರಿಗೆ 21 ದಿನ, ಬೆರಳ ನಡುವಿನ ಸಾವು ಏಳೆಂಟನೇ ದಿನ ಎಂದು ಪಾಠವಿತ್ತಲ್ಲ, ಕ್ಯಾಲೆಂಡರ್ ನೋಡಿ ಎಂಟನೇ ಬೆಳಿಗ್ಗೆ ಒಡೆದೆ. ಪಾದ ಇನ್ನೂ ಸೌಟೇ. ಬೆರಳಿನ ಗೆರೆ ಮಸುಕಾಗಿ ಕಾಣುತ್ತಿತ್ತು, ಅಷ್ಟೆ.

ಗಾಳಿಮಳೆಗೆ ಎರಡು ರಾತ್ರಿ ಕರೆಂಟು ಇರಲಿಲ್ಲ, ಪೆಟ್ಟಿಗೆ ತಣ್ಣಗಾಗಿತ್ತು. ತಣ್ಣಗಾದಷ್ಟೂ ಬೆಳವಣಿಗೆ ನಿಧಾನ, ಭ್ರೂಣಕ್ಕೆ ತಾರೀಕು ಗೊತ್ತಿಲ್ಲ. ದಿನ ಬಿಟ್ಟು ರೂಪ ನೋಡಿ ಎಂದೇ ಭ್ರೂಣವಿಜ್ಞಾನಿಗಳಾದ ಹ್ಯಾಂಬರ್ಗರ್ ಮತ್ತು ಹ್ಯಾಮಿಲ್ಟನ್ 1951ರಲ್ಲಿ ಕೋಳಿಭ್ರೂಣದ ಬೆಳವಣಿಗೆಯನ್ನು 46 ಹಂತಗಳಾಗಿ ವಿಂಗಡಿಸಿದ್ದು. ಆ ಪಟ್ಟಿಯನ್ನು ನಾನು ಪರೀಕ್ಷೆಯ ಪ್ರಶ್ನೆಗೆ ಮಾತ್ರ ಬಳಸಿದ್ದೆ!

ಎರಡನೇ ಪ್ರಯತ್ನದಲ್ಲಿ, ಕರೆಂಟು ಹೋದಾಗಲೆಲ್ಲ ಬಚ್ಚಲ ಹಂಡೆಯಿಂದ ಬಿಸಿನೀರು ತುಂಬಿದ ಬಾಟಲಿಗಳನ್ನು ಪೆಟ್ಟಿಗೆಗೆ ಇಟ್ಟೆ. ಭ್ರೂಣದ ರೂಪ ಪಟ್ಟಿಯಲ್ಲಿ ಬೆರಳ ನಡುವಿನ ಸಾವು ನಡೆಯುವ 31-32ನೇ ಹಂತಕ್ಕೆ ಹೊಂದಿದ ಮೇಲೆ ಪಾದ ಕತ್ತರಿಸಿ, ಬೆಚ್ಚಗಿನ ಉಪ್ಪುನೀರಿನಲ್ಲಿ ಕರಗಿಸಿದ ನ್ಯೂಟ್ರಲ್ ರೆಡ್ ಬಣ್ಣದಲ್ಲಿ ಅರ್ಧ ಗಂಟೆ ಇಟ್ಟೆ. ಮೊದಲನೆಯದು ದಾಸವಾಳದ ಹಾಗೆ ಪೂರಾ ಕೆಂಪಾಗಿ ಹಾಳಾಯಿತು. ನೀರು ಹೆಚ್ಚಾದ ಪುನರ್ಪುಳಿ ಶರಬತ್ತಿನ ಬಣ್ಣಕ್ಕೆ ತೆಳು ಮಾಡಿದ ಮೇಲೆ ಸರಿಹೋಯಿತು. ಬೆರಳುಗಳು ಬಿಳಿಚು, ನಡುವಿನ ಸಂದಿಯಲ್ಲಿ ಮಾತ್ರ ಕೆಂಪು ರವೆ ಚೆಲ್ಲಿದಂತೆ ಚುಕ್ಕೆಗಳು. ಹುಡುಗಿ ಮೈಕ್ರೋಸ್ಕೋಪ್ ಬಿಟ್ಟು ಏಳಲಿಲ್ಲ.

"ಇವೇ ಸಾಯುತ್ತಿರುವ ಕೋಶಗಳು" ಎಂದೆ. ತಪ್ಪು, ಮರುದಿನ ತಿದ್ದಿಕೊಂಡೆ. ಈ ಬಣ್ಣ ಸೇರಿಕೊಳ್ಳುವುದು ಬದುಕಿರುವ ಕೋಶದ ಆಮ್ಲೀಯ ಲೈಸೋಸೋಮ್‌ಗಳಲ್ಲಿ, ಅಂದರೆ ಕೋಶದೊಳಗಿನ ಅರಗಿಸುವ ಚೀಲಗಳಲ್ಲಿ. ಸತ್ತವರನ್ನು ನುಂಗಿ ಅರಗಿಸುವ ಭಕ್ಷಕ ಕೋಶಗಳಲ್ಲಿ ಅವು ತುಂಬಿ ತುಳುಕುತ್ತವೆ. ನಾವು ನೋಡಿದ ಚುಕ್ಕೆಗಳಲ್ಲಿ ಬಹುಪಾಲು ಹೆಣಗಳಲ್ಲ, ಹೆಣ ಎತ್ತುವವರು. ಸಾವು ಅಲ್ಲೇ ನಡೆಯುತ್ತಿದೆ ಎನ್ನುವುದಕ್ಕೆ ಸಾಕ್ಷಿ ಹೌದು, ಸತ್ತ ಕೋಶಗಳ ಲೆಕ್ಕ ಮಾತ್ರ ಅಲ್ಲ.

ಭ್ರೂಣ ತೆಗೆಯುವುದು ನನಗೆ ಹಗುರವಾದ ಕೆಲಸವಲ್ಲ. ಮೂರಕ್ಕಿಂತ ಹೆಚ್ಚು ಒಡೆಯದೆ, ಉಳಿದವನ್ನು ಅಕ್ಕನ ಮನೆಯ ಕಾವಿಗೆ ಕೂತ ಹೇಂಟೆಯ ಕೆಳಗೆ ಇಟ್ಟೆವು. ಐದು ಮರಿ ಬಂದವು. ಆಮೇಲೆ ಅಕ್ಕ ನನ್ನನ್ನು ವಿಚಿತ್ರವಾಗಿ ನೋಡುವುದು ಬಿಟ್ಟರು.

ಈಗ ಬಾತುಕೋಳಿಯ ಸರದಿ. ಬೆರಳ ನಡುವಿನ ಕೋಶಗಳಿಗೆ ಸಾಯಲು ಹೇಳುವ ಬಿಎಂಪಿ ಪ್ರೋಟೀನು ಅದರ ಕಾಲಲ್ಲೂ ಇದೆ, ಆದರೆ ಗ್ರೆಮ್ಲಿನ್ ಎಂಬ ಇನ್ನೊಂದು ಪ್ರೋಟೀನು ಅಡ್ಡಗಾಲು ಹಾಕುತ್ತದೆ, ಜಾಲಪಾದ ಉಳಿಯುತ್ತದೆ. ಬಾತಿಗೆ 28 ದಿನ, ಹಾಗಾಗಿ ಲೆಕ್ಕ ಬೇರೆ. ನಾಲ್ಕು ಮೊಟ್ಟೆ ಪೆಟ್ಟಿಗೆಯಲ್ಲಿವೆ. ಸಂಜೆಯಿಂದ ಕರೆಂಟಿಲ್ಲ, ಹಂಡೆಗೆ ಇನ್ನೊಂದು ಕೊರಡು ತಳ್ಳಿ ಬಂದಿದ್ದೇನೆ.