ಬ್ಯಾಟರಿ ಗ್ರಿಪ್: ಚಾರ್ಜ್ ಎಲ್ಲಿ ಸೋರುತ್ತಿತ್ತು ಎಂದು ಹುಡುಕಿದ್ದು

ಕ್ಯಾಮೆರಾದ ತಳಕ್ಕೆ ಜೋಡಿಸುವ, ಒಳಗೆ ಬ್ಯಾಟರಿ ತುಂಬುವ ಹಿಡಿಗೆ ಬ್ಯಾಟರಿ ಗ್ರಿಪ್ ಎನ್ನುತ್ತಾರೆ. ನಾನು ಅದನ್ನು ಕೊಂಡಿದ್ದು ಮುಖ್ಯವಾಗಿ ಹಿಡಿತಕ್ಕೆ. ದೂರದ್ದನ್ನು ಹತ್ತಿರ ತೋರಿಸುವ ಭಾರದ ಟೆಲಿ ಲೆನ್ಸ್ ಹಾಕಿದಾಗ ಬಲಗೈಗೆ ಆಸರೆ ಬೇಕಿತ್ತು. ಕ್ಯಾಮೆರಾವನ್ನು ಲಂಬವಾಗಿ ಹಿಡಿದಾಗ ಮೊಣಕೈ ಮೇಲೆತ್ತಿಕೊಂಡೇ ಇರುವುದು ತಪ್ಪಬೇಕಿತ್ತು. ಎರಡು ಬ್ಯಾಟರಿ ಹಿಡಿಸುತ್ತದೆ ಎನ್ನುವುದು ಅದರ ಜೊತೆಗೆ ಬಂದ ಲಾಭ ಅಂದುಕೊಂಡಿದ್ದೆ. ಆಗಿದ್ದೇ ಬೇರೆ. ಒಂದೆರಡು ವಾರದ ಹಿಂದೆ ಪೂರ್ತಿ ಚಾರ್ಜ್ ಮಾಡಿ ಹಾಕಿಟ್ಟ ಜೋಡಿ, ಹಕ್ಕಿಗಳ ಚಿತ್ರಕ್ಕೆಂದು ನಸುಕಿನಲ್ಲಿ ಹೊರಟಾಗ ಅರ್ಧದಷ್ಟೂ ಉಳಿದಿರಲಿಲ್ಲ. ಇನ್ನೊಮ್ಮೆ ಎರಡೂ ಪೂರ್ತಿ ಖಾಲಿ. ಗ್ರಿಪ್ ಇಲ್ಲದ ಕಾಲದಲ್ಲಿ ಒಂದೇ ಬ್ಯಾಟರಿಯಲ್ಲಿ ಇಂಥ ತೊಂದರೆ ಕಂಡವನೇ ಅಲ್ಲ.

ಮೊದಲ ಅನುಮಾನ ಬ್ಯಾಟರಿಗಳ ಮೇಲೇ ಹೋಯಿತು. ನನ್ನದು ಕ್ಯಾನನ್‌ನ ಎಲ್‌ಪಿ-ಇ6 ಬ್ಯಾಟರಿ ಬಳಸುವ ಕ್ಯಾಮೆರಾ. ಈ ಬ್ಯಾಟರಿ 7.2 ವೋಲ್ಟ್, 1800 ಮಿಲಿಆಂಪ್-ಅವರ್‌ನದು (ಎಷ್ಟು ಚಾರ್ಜ್ ಹಿಡಿಸುತ್ತದೆ ಎಂಬುದರ ಅಳತೆ). ಇದರೊಳಗೊಂದು ಚಿಪ್ ಇರುವುದರಿಂದ ಎಷ್ಟು ಶೇಕಡಾ ಉಳಿದಿದೆ, ಚಾರ್ಜ್ ಹಿಡಿದಿಡುವ ಶಕ್ತಿ ಎಷ್ಟಿದೆ ಎಂಬುದನ್ನು ಮೆನುವಿನಲ್ಲೇ ನೋಡಬಹುದು. ಶಕ್ತಿಯನ್ನು ಮೂರು ಚೌಕಗಳಲ್ಲಿ ತೋರಿಸುತ್ತದೆ. ನನ್ನ ಎರಡಕ್ಕೂ ಮೂರು ಹಸಿರು ಚೌಕ ಇದ್ದವು. ಅಂದರೆ ಬ್ಯಾಟರಿಗಳು ಗಟ್ಟಿಯಾಗಿಯೇ ಇದ್ದವು, ಚಾರ್ಜ್ ಬೇರೆಲ್ಲೋ ಹೋಗುತ್ತಿತ್ತು.

ಆಗ ಒಂದು ನೋಟ್‌ಬುಕ್ ಹಿಡಿದು ಕೂತೆ. ಮೊದಲ ವಾರ ಗ್ರಿಪ್ ಬಿಚ್ಚಿ, ಒಂದು ಬ್ಯಾಟರಿ ಮಾತ್ರ ಕ್ಯಾಮೆರಾ ಬಾಡಿಯೊಳಗೆ ಹಾಕಿ, ಸ್ವಿಚ್ ಆಫ್ ಮಾಡಿ ಕಪಾಟಿನಲ್ಲಿಟ್ಟೆ. ಏಳು ದಿನದ ನಂತರ ಶೇಕಡಾ 99. ಮುಂದಿನ ವಾರ ಗ್ರಿಪ್ ಹಾಕಿ, ಪೂರ್ತಿ ಚಾರ್ಜ್ ಆದ ಎರಡು ಬ್ಯಾಟರಿ ತುಂಬಿ, ಸ್ವಿಚ್ ಆಫ್ ಮಾಡಿ ಅದೇ ಕಪಾಟಿನಲ್ಲಿಟ್ಟೆ. ಏಳು ದಿನದ ನಂತರ ಎರಡೂ 65ಕ್ಕೆ ಇಳಿದಿದ್ದವು. ಎರಡರದ್ದೂ ಸೇರಿ 3600 ಮಿಲಿಆಂಪ್-ಅವರ್. ಅದರ ಶೇಕಡಾ 35 ಅಂದರೆ 1260. ಇದನ್ನು 168 ಗಂಟೆಗಳಿಗೆ ಹಂಚಿದರೆ ಗಂಟೆ ಗಂಟೆಯೂ 7.5 ಮಿಲಿಆಂಪ್. ಒಂದು ಪುಟ್ಟ ಎಲ್‌ಇಡಿ ದೀಪ ಹಗಲೂ ರಾತ್ರಿ ಉರಿದ ಹಾಗೆ. ಈ ಲೆಕ್ಕದಲ್ಲಿ ಒಂದೂ ಫೋಟೊ ತೆಗೆಯದೆ ಇಪ್ಪತ್ತು ದಿನಕ್ಕೆ ಎರಡೂ ಖಾಲಿ. ಕ್ಯಾಮೆರಾ ಆಫ್ ಆಗಿದ್ದರೂ ಗ್ರಿಪ್‌ನೊಳಗಿನ ಸರ್ಕ್ಯೂಟ್ ಮಲಗುತ್ತಿರಲಿಲ್ಲ. ನನ್ನದು ಕ್ಯಾಮೆರಾ ಕಂಪನಿಯದ್ದಲ್ಲ, ಬೇರೆಯವರು ಮಾಡಿದ ಅಗ್ಗದ ಗ್ರಿಪ್. ಬೇರೆಯವರು ಮಾಡಿದ್ದೆಲ್ಲ ಹೀಗೇ ಇರುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ಯಾವುದೇ ಗ್ರಿಪ್ ಕೊಂಡರೂ ಮೊದಲ ವಾರವೇ ಈ ಪರೀಕ್ಷೆ ಮಾಡಿಬಿಡಿ. ಕರೆಂಟ್ ಅಳೆಯುವ ಮಲ್ಟಿಮೀಟರ್ ಏನೂ ಬೇಕಿಲ್ಲ, ಶೇಕಡಾ ಬರೆದಿಟ್ಟುಕೊಂಡರೆ ಸಾಕು.

ಇದಕ್ಕೆ ಪರಿಹಾರ ಸರಳ: ಕೆಲಸ ಮುಗಿದ ಮೇಲೆ ಗ್ರಿಪ್‌ನೊಳಗೆ ಬ್ಯಾಟರಿ ಕೂರಿಸುವ ಟ್ರೇಯನ್ನೇ ಹೊರಗೆಳೆದಿಡುವುದು. ಗ್ರಿಪ್ ಬಾಡಿಗೇ ಇರಲಿ, ತೊಂದರೆಯಿಲ್ಲ. ಹೊರಗೆ ತೆಗೆದ ಬ್ಯಾಟರಿಗೆ ಪ್ಲಾಸ್ಟಿಕ್ ಮುಚ್ಚಳ ಹಾಕುವುದನ್ನು ಮರೆಯಬಾರದು, ಬ್ಯಾಗಿನಲ್ಲಿ ಕೀಲಿಕೈ ತಗುಲಿ ಶಾರ್ಟ್ ಆದೀತು. ಎಲ್‌ಪಿ-ಇ6ನ ಮುಚ್ಚಳದಲ್ಲಿ ಬ್ಯಾಟರಿ ಆಕಾರದ ಒಂದು ಕಿಂಡಿ ಇದೆ. ಒಂದು ಕಡೆಯಿಂದ ಹಾಕಿದರೆ ಕಿಂಡಿಯಲ್ಲಿ ನೀಲಿ ಬಣ್ಣ ಕಾಣುತ್ತದೆ, ತಿರುಗಿಸಿ ಹಾಕಿದರೆ ಕಾಣುವುದಿಲ್ಲ. ಚಾರ್ಜ್ ಆದದ್ದಕ್ಕೆ ನೀಲಿ ಕಾಣುವಂತೆ ಹಾಕಿಟ್ಟರೆ ಗುರುತು ಸಿಗುತ್ತದೆ. ಇಷ್ಟು ಉಪಯುಕ್ತವಾದದ್ದನ್ನು ನಾನು ವರ್ಷಗಟ್ಟಲೆ ಗಮನಿಸಿರಲಿಲ್ಲ.

ಆದರೆ ಎರಡೂ ಪೂರ್ತಿ ಖಾಲಿಯಾದ ದಿನದ ಲೆಕ್ಕ ಇಷ್ಟರಿಂದ ಹೊಂದುತ್ತಿರಲಿಲ್ಲ. ಅವತ್ತು ಹಿಂದಿನ ರಾತ್ರಿಯಷ್ಟೇ ಚಾರ್ಜ್ ಮಾಡಿದ್ದೆ. ಕಾರಣ ಸಿಕ್ಕಿದ್ದು ಇನ್ನೊಂದು ದಿನ, ಬ್ಯಾಗನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಾಗ. ಒಳಗಿನಿಂದ ಸಣ್ಣಗೆ ಗುಂಯ್ ಎನ್ನುವ ಸದ್ದು ಬರುತ್ತಿತ್ತು. ಅದು ಕೈ ನಡುಕವನ್ನು ಸರಿದೂಗಿಸುವ, ಲೆನ್ಸಿನೊಳಗಿನ ಇಮೇಜ್ ಸ್ಟೆಬಿಲೈಸರ್‌ನ ಸದ್ದು. ಗ್ರಿಪ್‌ನ ಮೂಲೆಯಲ್ಲಿರುವ ಎರಡನೇ ಶಟರ್ ಬಟನ್ (ಫೋಟೊ ತೆಗೆಯಲು ಒತ್ತುವ ಗುಂಡಿ) ಬ್ಯಾಗಿನ ಮೆತ್ತೆಗೆ ಒತ್ತಿಕೊಂಡು ಅರ್ಧ ಒತ್ತಿದ ಸ್ಥಿತಿಯಲ್ಲೇ ನಿಂತುಬಿಟ್ಟಿತ್ತು. ಬಾಡಿಯ ಸ್ವಿಚ್ ಆನ್ ಇತ್ತು. ಆಟೋ ಪವರ್ ಆಫ್ ಒಂದು ನಿಮಿಷಕ್ಕೆ ಇಟ್ಟಿದ್ದೆನಲ್ಲ, ಕ್ಯಾಮೆರಾ ತಾನಾಗಿ ಮಲಗುತ್ತದೆ ಎಂಬ ಭರವಸೆ ನನ್ನದು. ಬಟನ್ ಒತ್ತಿಕೊಂಡೇ ಇದ್ದರೆ ಆ ಒಂದು ನಿಮಿಷದ ಎಣಿಕೆ ಶುರುವಾಗುವುದೇ ಇಲ್ಲ. ಬೆಳಕು ಅಳೆಯುವ ಮೀಟರಿಂಗ್, ಫೋಕಸ್, ಸ್ಟೆಬಿಲೈಸರ್ ಎಲ್ಲವೂ ಬ್ಯಾಗಿನ ಕತ್ತಲಲ್ಲಿ ದುಡಿಯುತ್ತಲೇ ಇರುತ್ತವೆ.

ಗ್ರಿಪ್‌ನ ಬಟನ್‌ಗಳಿಗೆ ಬೇರೆಯದೇ ಆನ್-ಆಫ್ ಸ್ವಿಚ್ ಇರುತ್ತದೆ. ಅದು ಬಟನ್‌ಗಳನ್ನು ಮಾತ್ರ ನಿಲ್ಲಿಸುತ್ತದೆ, ಕ್ಯಾಮೆರಾವನ್ನಲ್ಲ. ಈಗ ನಾನು ಲಂಬ ಚಿತ್ರ ತೆಗೆಯುವಾಗ ಮಾತ್ರ ಅದನ್ನು ಆನ್ ಮಾಡುತ್ತೇನೆ. ಬ್ಯಾಗಿಗೆ ಹಾಕುವ ಮುನ್ನ ಬಾಡಿಯ ಸ್ವಿಚ್ಚೂ ಆಫ್, ಗ್ರಿಪ್‌ನದ್ದೂ ಆಫ್. ಬ್ಯಾಗಿನ ಗೋಡೆಯನ್ನೂ ಸ್ವಲ್ಪ ಸರಿಸಿ ಗ್ರಿಪ್‌ನ ಮೂಲೆಗೆ ಜಾಗ ಬಿಟ್ಟಿದ್ದೇನೆ. ಜಿಪಿಎಸ್ ಇರುವ ಕ್ಯಾಮೆರಾ ನಿಮ್ಮದಾದರೆ ಇನ್ನೊಂದು ಎಚ್ಚರ: ಕೆಲವು ಮಾದರಿಗಳಲ್ಲಿ ಸ್ವಿಚ್ ಆಫ್ ಮಾಡಿದರೂ ಜಿಪಿಎಸ್ ಆಗಾಗ ಸಿಗ್ನಲ್ ಹುಡುಕುತ್ತಿರುತ್ತದೆ. ಅದನ್ನು ಮೆನುವಿನಲ್ಲೇ ಆಫ್ ಮಾಡಬೇಕು.

ಇನ್ನು ಎರಡು ಬ್ಯಾಟರಿಗಳನ್ನು ಹೇಗೆ ಜೋಡಿ ಮಾಡುವುದು ಎನ್ನುವ ವಿಷಯ. ನನ್ನ ಮಾದರಿಯ ಗ್ರಿಪ್‌ನಲ್ಲಿ ಬಾಡಿಯ ಬ್ಯಾಟರಿ ಮುಚ್ಚಳ ತೆಗೆದು, ಎರಡನ್ನೂ ಗ್ರಿಪ್‌ನಲ್ಲೇ ಹಾಕಬೇಕು. ಒಂದು ಮುಗಿದ ಮೇಲೆ ಇನ್ನೊಂದು ಅನ್ನುವ ಸರದಿ ಇಲ್ಲಿಲ್ಲ. ವೋಲ್ಟೇಜ್ ಹೆಚ್ಚಿರುವುದು ಮೊದಲು ಇಳಿಯುತ್ತದೆ, ಎರಡೂ ಸಮ ಆದ ಮೇಲೆ ಜೊತೆಜೊತೆಯಾಗಿ ಇಳಿಯುತ್ತವೆ. ಹೀಗಾಗಿ ದಿನದ ಕೊನೆಗೆ ಕೈಯಲ್ಲಿ ಉಳಿಯುವುದು ಎರಡು ಅರೆಖಾಲಿ ಬ್ಯಾಟರಿ. ಪೂರ್ತಿ ತುಂಬಿದ್ದು ಒಂದೂ ಇರುವುದಿಲ್ಲ. ಅರ್ಧ ದಿನದ ಕೆಲಸಕ್ಕೆ ನಾನು ಒಂದನ್ನೇ ಹಾಕುತ್ತೇನೆ, ಗ್ರಿಪ್ ಒಂದರಲ್ಲೂ ನಡೆಯುತ್ತದೆ. ಇನ್ನೊಂದು ಜೇಬಿನಲ್ಲಿ, ಚಳಿಯಿದ್ದರೆ ಒಳಜೇಬಿನಲ್ಲಿ. ದಿನವಿಡೀ ಕೈಬಿಡುವಿಲ್ಲದ ಕೆಲಸವಿದ್ದರೆ ಮಾತ್ರ ಎರಡು.

ನಿಕಾನ್ ಡಿ800ರಂಥ ಬಾಡಿಗಳಲ್ಲಿ ಕ್ರಮ ಬೇರೆ. ಒಂದು ಬ್ಯಾಟರಿ ಬಾಡಿಯೊಳಗೇ ಇರುತ್ತದೆ, ಇನ್ನೊಂದು ಗ್ರಿಪ್‌ನಲ್ಲಿ. ಯಾವುದು ಮೊದಲು ಖರ್ಚಾಗಬೇಕು ಎಂದು ಮೆನುವಿನಲ್ಲಿ ಹೇಳಬಹುದು. ಗ್ರಿಪ್‌ನದ್ದೇ ಮೊದಲು ಮುಗಿಯಲಿ. ಬಾಡಿಯದ್ದನ್ನು ಬದಲಿಸಬೇಕಾದರೆ ಗ್ರಿಪ್ ಬಿಚ್ಚಬೇಕು, ಕೆಲಸದ ಮಧ್ಯೆ ಅದು ದೊಡ್ಡ ಕಿರಿಕಿರಿ.

ಮಾಮೂಲಿ ಎಎ ಸೆಲ್‌ಗಳನ್ನು ಹಾಕುವ ಟ್ರೇ ಕೂಡ ಇದೆ, ನನ್ನ ಗ್ರಿಪ್‌ಗೆ ಆರು ಬೇಕಾಗುತ್ತದೆ. ಆಲ್ಕಲೈನ್ ಸೆಲ್ ಹಾಕಿ ಸಾಲಾಗಿ ಶಾಟ್ ಹೊಡೆದರೆ ಬೇಗ ಸೋಲುತ್ತವೆ. ರೀಚಾರ್ಜ್ ಮಾಡುವ, ತಾನಾಗಿ ಕಡಿಮೆ ಸೋರುವ ನಿಕ್ಕಲ್ ಸೆಲ್‌ಗಳೇ ವಾಸಿ.

ಕೆಲವೊಮ್ಮೆ ಚಾರ್ಜ್ ಖಾಲಿಯಾದಂತೆ ಕಂಡರೂ ನಿಜವಾಗಿ ಖಾಲಿಯಾಗಿರುವುದಿಲ್ಲ. ಟ್ರೈಪಾಡ್ ಮೇಲೆ ಗಂಟೆಗಟ್ಟಲೆ ಇಟ್ಟಾಗ ಗ್ರಿಪ್‌ನ ಸ್ಕ್ರೂ ಸಡಿಲಾಗಿ, ಸಂಪರ್ಕ ತಪ್ಪಿ ಕ್ಯಾಮೆರಾ ಆರಿಹೋಗುತ್ತದೆ. ಅದನ್ನು ಬಿಗಿ ಮಾಡಿ, ಲೋಹದ ಕಾಂಟ್ಯಾಕ್ಟ್‌ಗಳನ್ನು ಒಣಬಟ್ಟೆಯಲ್ಲಿ ಒರೆಸಿದರೆ ಶೇಕಡಾ 80 ಎಂದು ತೋರಿಸುತ್ತದೆ.

ತಿಂಗಳುಗಟ್ಟಲೆ ಬಳಸದಿದ್ದರೆ ಬ್ಯಾಟರಿಗಳನ್ನು ಅರ್ಧ ಚಾರ್ಜ್‌ನಲ್ಲಿ ತಂಪಾದ ಜಾಗದಲ್ಲಿಡುತ್ತೇನೆ. ಲಿಥಿಯಂ ಬ್ಯಾಟರಿ ಪೂರ್ತಿ ತುಂಬಿ ಸೆಕೆಯಲ್ಲಿ ಕೂತರೆ ಬೇಗ ಮುಪ್ಪಾಗುತ್ತದೆ, ಪೂರ್ತಿ ಖಾಲಿಯಾಗಿ ಬಿದ್ದಿದ್ದರೆ ಮತ್ತೆ ಏಳದೆಯೂ ಹೋಗಬಹುದು. ಸೋರುವ ಗ್ರಿಪ್ ಅಪಾಯಕಾರಿ ಎನ್ನುವುದು ಇದಕ್ಕೇ. ಅದು ಬೆಳಗಿನ ಒಂದು ಚಿತ್ರವನ್ನಷ್ಟೇ ಅಲ್ಲ, ಬ್ಯಾಟರಿಯನ್ನೇ ತಿಂದುಹಾಕುತ್ತದೆ.

ಆ ಗ್ರಿಪ್ ಬದಲಿಸಿಯಾಯಿತು. ಹೊಸದಕ್ಕೂ ಅದೇ ಏಳು ದಿನದ ಪರೀಕ್ಷೆ ಮಾಡಿದೆ, 98 ತೋರಿಸಿತು. ಆದರೂ ರಾತ್ರಿ ಟ್ರೇ ಹೊರಗೆಳೆದೇ ಮಲಗುತ್ತೇನೆ.