ಹಿತ್ತಲ ಬೇಲಿಯಲ್ಲಿ ಕವಳಿ ಬೆಳೆಸುವುದು ಹೇಗೆ?

ಮೇ ತಿಂಗಳಲ್ಲಿ ಮಲೆನಾಡಿನ ಬ್ಯಾಣಕ್ಕೆ, ಅಂದರೆ ಹುಲ್ಲುಗಾವಲಿಗೆ, ದನ ಹೊಡೆದುಕೊಂಡು ಹೋದ ಮಕ್ಕಳು ಬರಿಗೈಲಿ ವಾಪಸು ಬರುತ್ತಿರಲಿಲ್ಲ. ಮುತ್ತುಗದ ಎಲೆ ಮಡಚಿ ಕಡ್ಡಿ ಚುಚ್ಚಿದ ಕೊಟ್ಟೆಯಲ್ಲಿ ಕರಿ ಕವಳಿ ಹಣ್ಣು ತುಂಬಿರುತ್ತಿತ್ತು. ಒಂದು ಹಣ್ಣನ್ನು ಮುಷ್ಟಿಯಲ್ಲಿ ಮುಚ್ಚಿಟ್ಟು ‘ಕೋಳಿಯೋ ಹುಂಜವೋ?’ ಎಂದು ಕೇಳಬೇಕು. ಕಚ್ಚಿದಾಗ ಒಳಗೆ ಕೆಂಪಗಿದ್ದರೆ ಹುಂಜ, ಬೆಳ್ಳಗಿದ್ದರೆ ಕೋಳಿ. ಸೋತವರ ಕೊಟ್ಟೆಯಿಂದ ಗೆದ್ದವರಿಗೆ ಒಂದು ಹಣ್ಣು.

ನಾನು ಆಡಿದ ಬ್ಯಾಣದಲ್ಲಿ ಈಗ ಅರ್ಧ ಅಕೇಶಿಯ ನಿಂತಿದೆ, ಉಳಿದರ್ಧಕ್ಕೆ ಜೆಸಿಬಿ ಹೊಡೆಸಿ ಅಡಿಕೆ ಹಾಕಿದ್ದಾರೆ. ರಸ್ತೆ ಬದಿಯ ಮಣ್ಣಿನ ದಿಣ್ಣೆ, ಅಂದರೆ ದರೆಯ ಮೇಲೆ ಉಳಿದಿದ್ದ ನಾಲ್ಕು ಕವಳಿ ಮಟ್ಟಿ(ಪೊದೆ)ಗಳೂ ರಸ್ತೆ ಅಗಲವಾದ ವರ್ಷ ಹೋದವು. ಆಮೇಲೆ ಹಿತ್ತಲ ಬೇಲಿಗೆ ಕವಳಿ ಹಾಕಿದೆ. ಹತ್ತು ವರ್ಷದಲ್ಲಿ ಎರಡು ಸಲ ತಪ್ಪಿ, ಮೂರನೆಯ ಸಲಕ್ಕೆ ಹತ್ತಿದ ಬೇಲಿ ಅದು.

ಕರಿ ಹಣ್ಣು ಎಂದರೆ ಪೇಟೆಯ ನರ್ಸರಿಯಲ್ಲಿ ‘ಬ್ಲ್ಯಾಕ್‌ಬೆರಿ’ ಎಂದು ಬರೆದ ಕುಂಡ ತೋರಿಸುವವರೂ ಇದ್ದಾರೆ. ಅದು ತಣ್ಣನೆಯ ದೇಶಗಳ ಮುಳ್ಳುಬಳ್ಳಿ. ಅದರ ಹೆಚ್ಚಿನ ತಳಿಗಳಿಗೆ ಚಳಿಗಾಲದಲ್ಲಿ ನೂರಾರು ಗಂಟೆ 7 ಡಿಗ್ರಿಗಿಂತ ಕೆಳಗಿನ ಚಳಿ ಬೇಕು, ಇಲ್ಲದಿದ್ದರೆ ಹೂ ಸರಿಯಾಗಿ ಬರುವುದಿಲ್ಲ. ಶಿವಮೊಗ್ಗದ ಡಿಸೆಂಬರ್ ರಾತ್ರಿಗಳಲ್ಲಿ ಆ ಚಳಿ ಎಲ್ಲಿಂದ ತರುವುದು? ಅದೇ ಕುಲದ ‘ಮೈಸೂರು ರಾಸ್‌ಬೆರಿ’ ನಮ್ಮ ಎತ್ತರದ ಗುಡ್ಡಗಳದ್ದೇ, ಆ ಹೆಸರಿನಲ್ಲೇ ಪರದೇಶಕ್ಕೂ ಹೋಗಿದೆ. ಆದರೆ ಹೋದಲ್ಲೆಲ್ಲ ಹಬ್ಬುವ ಬುದ್ಧಿ ಅದಕ್ಕೆ, ಹವಾಯಿಯಲ್ಲಿ ಕಳೆಯಾಗಿ ಕೂತಿದೆ. ಸಾಧಾರಣ ಹಿತ್ತಲಿಗೆ, ಜಂಬಿಟ್ಟಿಗೆ ಮಣ್ಣಿಗೆ, ನಮ್ಮ ಮಳೆಗೂ ನಮ್ಮ ಬಿಸಿಲಿಗೂ ಜಗ್ಗದೆ ನಿಲ್ಲುವ ಕರಿ ಹಣ್ಣು ಕವಳಿಯೇ.

ಯಾವ ಕವಳಿ?

ಗುಡ್ಡದಲ್ಲಿ ಸಿಗುವುದು ಹೆಚ್ಚಾಗಿ ಸಣ್ಣ ಕವಳಿ, ಬಟಾಣಿಗಿಂತ ಸ್ವಲ್ಪ ದೊಡ್ಡ ಹಣ್ಣು, ಪೂರ್ತಿ ಮಾಗಿದರೆ ಶಾಯಿಯಂತೆ ಕಪ್ಪು. ಸಸ್ಯಶಾಸ್ತ್ರದಲ್ಲಿ ಕ್ಯಾರಿಸ್ಸಾ ಸ್ಪೈನಾರಮ್. ದೊಡ್ಡ ಕವಳಿ ಅಥವಾ ಕರಂಡೆ ಬೇರೆ ಜಾತಿ, ಕ್ಯಾರಿಸ್ಸಾ ಕರಂಡಾಸ್. ಅದರ ಕಾಯಿ ದಪ್ಪ, ಹುಳಿ ಜಾಸ್ತಿ. ದಾಪೋಲಿಯ ಕೃಷಿ ವಿಶ್ವವಿದ್ಯಾಲಯದ ‘ಕೊಂಕಣ ಬೋಲ್ಡ್’, ಪಂತ್‌ನಗರದ ‘ಪಂತ್ ಸುದರ್ಶನ್’, ‘ಪಂತ್ ಮನೋಹರ್’ ಎಲ್ಲ ಈ ದೊಡ್ಡ ಕವಳಿಯ ತಳಿಗಳು. ಉಪ್ಪಿನಕಾಯಿಗೆ ಬೇಕಾದರೆ ದೊಡ್ಡದು ಹಾಕಿ. ಕೊಯ್ದು ಹಾಗೇ ಬಾಯಿಗೆ ಹಾಕಿಕೊಳ್ಳುವ ರುಚಿ ಮಾತ್ರ ಸಣ್ಣದಕ್ಕೇ. ಬೆಳೆಸುವ ಕ್ರಮ ಎರಡಕ್ಕೂ ಒಂದೇ.

ಗುಡ್ಡದಿಂದ ಗಿಡ ಕಿತ್ತು ತರಬೇಡಿ. ಬೇರು ಕಲ್ಲುಸಂದಿಯಲ್ಲಿ ಆಳಕ್ಕೆ ಇಳಿದಿರುತ್ತದೆ, ಅಗೆಯುವಾಗ ತುಂಡಾಗುತ್ತದೆ. ತಂದ ಗಿಡ ತಿಂಗಳೊಳಗೆ ಒಣಗುತ್ತದೆ, ಅಲ್ಲಿದ್ದದ್ದೂ ಇಲ್ಲವಾಗುತ್ತದೆ. ಒಂದು ಕೊಟ್ಟೆ ಹಣ್ಣು ತಂದರೆ ಸಾಕು.

ಬೀಜ ಕಾಯುವುದಿಲ್ಲ

ನಾನು ಮೊದಲು ತಪ್ಪಿದ್ದು ಇಲ್ಲೇ. ಸೌತೆ, ಹೀರೆ ಬೀಜದ ಹಾಗೆ ಕವಳಿ ಬೀಜವನ್ನೂ ಒಣಗಿಸಿ ಕಾಗದದ ಪೊಟ್ಟಣ ಕಟ್ಟಿ, ಗಣಪತಿ ಹಬ್ಬ ಕಳೆದ ಮೇಲೆ ಬಿತ್ತಿದೆ. ನೂರು ಬೀಜಕ್ಕೆ ಹುಟ್ಟಿದ್ದು ಏಳು. ಈ ಬೀಜಕ್ಕೆ ಇಟ್ಟು ಬಿತ್ತುವ ಗುಣ ಇಲ್ಲ, ಹಣ್ಣಿನಿಂದ ಹೊರಬಂದ ಮೇಲೆ ದಿನ ಕಳೆದಂತೆ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ. ಹಣ್ಣು ತಂದ ವಾರದೊಳಗೇ ಬಿತ್ತಬೇಕು.

ಮುಟ್ಟಿದರೆ ಮೆತ್ತಗಾಗುವಷ್ಟು ಮಾಗಿದ ಹಣ್ಣನ್ನು ಬಟ್ಟಲಲ್ಲಿ ಕಿವುಚಿ, ಒಲೆಯ ಬೂದಿ ಹಾಕಿ ತಿಕ್ಕಿ ತೊಳೆಯಿರಿ. ಬರೀ ನೀರಿಗೆ ಆ ಅಂಟು ಬಿಡುವುದಿಲ್ಲ. ಚಪ್ಪಟೆ ಬೀಜಗಳು ತಳಕ್ಕೆ ನಿಲ್ಲುತ್ತವೆ, ತೇಲಿದ್ದು ಜೊಳ್ಳು. ನೆರಳಲ್ಲಿ ಒಂದು ದಿನ ಆರಿಸಿ. ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಹಳೆಯ ಕೊಟ್ಟಿಗೆ ಗೊಬ್ಬರ ಕಲಸಿ, ತಳಕ್ಕೆ ತೂತು ಹೊಡೆದ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಚೀಲಕ್ಕೆ ಎರಡು ಬೀಜದಂತೆ ಅರ್ಧ ಇಂಚು ಆಳಕ್ಕೆ ಊರಿ.

ಚೀಲ ಇಡುವ ಜಾಗದ ಬಗ್ಗೆ ಸ್ವಲ್ಪ ಎಚ್ಚರ ಬೇಕು. ರೋಹಿಣಿ ಮಳೆಗೆ ಬಿತ್ತಿದ್ದು ಮೊಳಕೆಯೊಡೆಯುವ ಹೊತ್ತಿಗೆ ಮೃಗಶಿರಾ, ಆರಿದ್ರಾ ಹಿಡಿದಿರುತ್ತದೆ. ಸೂರಿನ ನೀರು ಬೀಳುವಲ್ಲಿ ಇಟ್ಟರೆ ಮೊಳಕೆ ಬುಡದಲ್ಲೇ ಕೊಳೆಯುತ್ತದೆ. ಜಗಲಿಯ ಅಂಚು ಒಳ್ಳೆಯದು: ಬೆಳಕು ಸಿಗುತ್ತದೆ, ಮಳೆ ಬಡಿಯುವುದಿಲ್ಲ. ನಮ್ಮಲ್ಲಿ ಮೂರು ವಾರಕ್ಕೆ ಮೊಳಕೆ ಕಾಣಿಸಿತು. ಎದುರುಬದುರಾಗಿ ಬರುವ ಸಣ್ಣ ಎಲೆಗಳು, ಎಣ್ಣೆ ಸವರಿದಂತೆ ಹೊಳೆಯುತ್ತವೆ. ಒಂದು ಎಲೆಯ ತೊಟ್ಟು ಚಿವುಟಿ ನೋಡಿದೆ. ಸಾಸಿವೆ ಕಾಳಿನಷ್ಟು ಬಿಳಿ ಹಾಲು ಒಸರಿ ತುದಿಯಲ್ಲಿ ನಿಂತಿತು. ಬೆರಳಿಗೆ ಹತ್ತಿದ್ದು ಸಂಜೆಗೆ ಕಪ್ಪಗಾಗಿ, ಸೋಪಿಗೂ ಹೋಗಲಿಲ್ಲ. ಗಿಡ ಕವಳಿಯೇ ಎನ್ನುವುದಕ್ಕೆ ಈ ಹಾಲೂ ಒಂದು ಗುರುತು.

ಮೊದಲ ವರ್ಷ ಬೆಳವಣಿಗೆ ನಿಧಾನ, ಗೇಣುದ್ದಕ್ಕಿಂತ ಸ್ವಲ್ಪ ಮೇಲೆ ಬರುವುದರೊಳಗೆ ಬೇಸಿಗೆ ಬಂದಿರುತ್ತದೆ. ಬೇಸರ ಮಾಡಿಕೊಳ್ಳಬೇಡಿ, ಗಿಡ ಆಗ ಬೇರು ಇಳಿಸುತ್ತಿರುತ್ತದೆ. ಮುಂದಿನ ಮಳೆಗಾಲದವರೆಗೆ ಚೀಲದಲ್ಲೇ ಇರಲಿ. ಅಷ್ಟು ಕಾಯಲಾರದವರು ಒಳ್ಳೆಯ ಹಣ್ಣಿನ ಗಿಡಕ್ಕೆ ಗೂಟಿ ಕಟ್ಟಬಹುದು. ಜೂನ್ ಕೊನೆಯಲ್ಲಿ ಪೆನ್ಸಿಲ್ ದಪ್ಪದ ಕೊಂಬೆಯ ಸಿಪ್ಪೆಯನ್ನು ಒಂದಿಂಚು ಉಂಗುರದಂತೆ ತೆಗೆದು, ಹಾಲು ಒರೆಸಿ, ತೇವದ ತೆಂಗಿನ ನಾರಿನ ಪುಡಿ ಇಟ್ಟು ಪ್ಲಾಸ್ಟಿಕ್ ಸುತ್ತಿ ಬಿಗಿಯಾಗಿ ಕಟ್ಟಿದರೆ ಎರಡು ಮೂರು ತಿಂಗಳಲ್ಲಿ ಬೇರು ಬರುತ್ತದೆ. ಬರೀ ಕಡ್ಡಿ ಊರಿ ಚಿಗುರಿಸುವುದು ಕವಳಿಯಲ್ಲಿ ಕಷ್ಟ.

ಬಿಸಿಲು ಬೇಕೇ ಬೇಕು

ಎರಡನೆಯ ತಪ್ಪು ಜಾಗದ್ದು. ಹಲಸಿನ ಮರದ ಕೆಳಗೆ ಖಾಲಿ ಇತ್ತೆಂದು ಅಲ್ಲೇ ಹತ್ತು ಗಿಡ ನೆಟ್ಟೆ. ಗಿಡ ಸಾಯಲಿಲ್ಲ, ಉದ್ದುದ್ದ ಜೋತು ಬೆಳೆಯಿತು. ಐದು ವರ್ಷವಾದರೂ ಒಂದು ಹೂ ಬಿಡಲಿಲ್ಲ. ಕವಳಿ ಬ್ಯಾಣದ ಗಿಡ, ಹಕ್ಕಲಿನ ಗಿಡ, ಕಾನಿನ ನೆರಳಿನದ್ದಲ್ಲ. ಅಡಿಕೆ ತೋಟದೊಳಗೆ ಹಾಕಿದರೂ ಇದೇ ಗತಿ. ದಿನಕ್ಕೆ ಆರು ಗಂಟೆ ನೇರ ಬಿಸಿಲು ಬೀಳುವ ಕಡೆ, ತೋಟದ ಹೊರಬೇಲಿಯಲ್ಲಿ, ಅಗಳಿನ (ತೋಟದ ಸುತ್ತಲಿನ ಕಂದಕ) ಮೇಲಂಚಿನಲ್ಲಿ, ದರೆಯ ತಲೆಯ ಮೇಲೆ ಹಾಕಿ. ಮಕ್ಕಳು ಓಡಾಡುವ ದಾರಿಯ ಪಕ್ಕ ಬೇಡ. ಇದರ ಮುಳ್ಳು ಜೋಡಿಯಾಗಿ ಬರುತ್ತದೆ, ಸೂಜಿಯಷ್ಟು ಗಟ್ಟಿ.

ಬೇಲಿಗಾದರೆ ಮೂರಡಿಗೊಂದು, ಬಿಡಿ ಮಟ್ಟಿಯಾಗಿ ಬೆಳೆಸುವುದಾದರೆ ಹತ್ತಡಿಗೊಂದು ಗಿಡ. ಒಂದೂವರೆ ಅಡಿ ಗುಂಡಿ ತೆಗೆದು, ಮೇಲ್ಮಣ್ಣಿಗೆ ಒಂದು ಬುಟ್ಟಿ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿ. ಹೊಸನಗರ, ತೀರ್ಥಹಳ್ಳಿ, ಆಗುಂಬೆ ಕಡೆಯವರು ಬುಡವನ್ನು ನೆಲದಿಂದ ಮುಕ್ಕಾಲಡಿ ಏರಿಸಿ ದಿಬ್ಬ ಮಾಡಲೇಬೇಕು. ಕವಳಿ ಬರ ತಡೆಯುತ್ತದೆ, ಬುಡದಲ್ಲಿ ನಿಂತ ನೀರು ತಡೆಯುವುದಿಲ್ಲ. ಶಿಕಾರಿಪುರ, ಶಿವಮೊಗ್ಗದ ಅರೆಮಲೆನಾಡಿನಲ್ಲಿ ನೆಲಮಟ್ಟಕ್ಕೇ ನೆಟ್ಟರೆ ಸಾಕು. ಮೊದಲ ಬೇಸಿಗೆಗೆ ವಾರಕ್ಕೊಂದು ಕೊಡ ನೀರು ಕೊಟ್ಟು, ಬುಡಕ್ಕೆ ಒಣಗಿದ ಎಲೆಯ ದರಗು ಮುಚ್ಚಿ. ಆಮೇಲೆ ನೀರಿನ ಚಿಂತೆ ಇಲ್ಲ. ಗೊಬ್ಬರ ವರ್ಷಕ್ಕೊಂದು ಬುಟ್ಟಿ. ಔಷಧಿ ಹೊಡೆಯುವ ಪ್ರಸಂಗ ನನಗೆ ಬಂದಿಲ್ಲ.

ಕತ್ತಿ ಯಾವಾಗ ಇಡಬೇಕು?

ಬೇಲಿಯಲ್ಲಿ ಕವಳಿ ಇದ್ದೂ ಹಣ್ಣಿಲ್ಲ ಎನ್ನುವವರ ಮನೆಗಳಲ್ಲಿ ಬಹಳ ಸಲ ನೋಡಿದ್ದು ಒಂದೇ ಕಾರಣ. ಅಡಿಕೆ ಕೊಯ್ಲು ಮುಗಿದು ಆಳುಗಳು ಬಿಡುವಾಗುವ ಜನವರಿಯಲ್ಲಿ ಬೇಲಿ ಸವರಿಸುತ್ತಾರೆ. ಕವಳಿ ಹೂ ಬಿಡುವುದು ಕೊಂಬೆಯ ತುದಿಯಲ್ಲಿ. ಮಳೆಗಾಲದಲ್ಲಿ ಬೆಳೆದ ಚಿಗುರು ಚಳಿಯಲ್ಲಿ ಬಲಿತು, ಅದರ ತುದಿಯಲ್ಲೇ ಫೆಬ್ರವರಿ, ಮಾರ್ಚಿಗೆ ಗೊಂಚಲು ಹೂ ಬರಬೇಕು. ಜನವರಿಯಲ್ಲಿ ಸವರಿದರೆ ಆ ವರ್ಷದ ಹಣ್ಣನ್ನೇ ಕಡಿದು ಹಾಕಿದಂತೆ.

ಹಾಗಾಗಿ ಸವರುವುದು ವರ್ಷಕ್ಕೊಂದೇ ಸಲ, ಹಣ್ಣು ಮುಗಿದ ಕೂಡಲೇ, ಜೂನ್ ಹೊತ್ತಿಗೆ. ಒಣಗಿದ್ದು, ಒಳಗೆ ಹೆಣೆದುಕೊಂಡದ್ದು ತೆಗೆದು, ಎತ್ತರವನ್ನು ಎದೆಮಟ್ಟಕ್ಕೆ ಇಳಿಸಿ. ಆಮೇಲೆ ಬಂದ ಚಿಗುರನ್ನು ಮುಟ್ಟಬೇಡಿ. ದಪ್ಪ ಕೈಗವಸು ಹಾಕಿಕೊಳ್ಳಿ, ಹಾಲು ಕಣ್ಣಿಗೆ ಸಿಡಿಯದಂತೆ ನೋಡಿಕೊಳ್ಳಿ. ಕಡಿದ ಮುಳ್ಳುಕೊಂಬೆಯನ್ನು ಎಳೆಯ ಗಿಡಗಳ ಸುತ್ತ ಚುಚ್ಚಿಟ್ಟರೆ ದನಗಳಿಂದ ಕಾವಲು.

ಬೀಜದಿಂದ ಬೆಳೆದ ಗಿಡ ನೆಟ್ಟ ಮೂರು, ನಾಲ್ಕನೆಯ ವರ್ಷಕ್ಕೆ ಹೂ ಬಿಡುತ್ತದೆ. ಬಿಳಿ ಹೂ, ಐದು ಎಸಳು, ಸಂಜೆ ಹೊತ್ತಿಗೆ ಮಲ್ಲಿಗೆಯ ಪರಿಮಳ. ಹೂವಿನಿಂದ ಹಣ್ಣಿಗೆ ಮೂರು ತಿಂಗಳ ಮೇಲೆ ಬೇಕು.

ಕಾಯಿ, ಹಣ್ಣು

ಉಪ್ಪಿನಕಾಯಿಗೆ ಬೀಜ ಬಲಿಯುವ ಮುಂಚೆ, ಏಪ್ರಿಲ್‌ನಲ್ಲಿ ಕೊಯ್ಯಿರಿ. ಕಾಯಿಯಲ್ಲಿ ಸೊನೆ ಬಹಳ. ಎರಡು ಹೋಳು ಮಾಡಿ ಬೀಜ ತೆಗೆದು, ಉಪ್ಪುನೀರಿನಲ್ಲಿ ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ತೊಳೆದರೆ ಸೊನೆ ಹೋಗುತ್ತದೆ. ಅಮ್ಮ ಮಾವಿನ ಮಿಡಿಯ ಭರಣಿಗೆ ಇದನ್ನೇ ಎರಡು ಹಿಡಿ ಸೇರಿಸುತ್ತಿದ್ದಳು. ದೊಡ್ಡ ಕವಳಿಯಲ್ಲಿ ಪೆಕ್ಟಿನ್ ಹೆಚ್ಚು, ಆದ್ದರಿಂದ ಬೆಲ್ಲದೊಂದಿಗೆ ಕುದಿಸಿದ ರಸ ಆರುತ್ತಲೇ ಗಟ್ಟಿಯಾಗಿ ಜೆಲ್ಲಿಯಾಗುತ್ತದೆ.

ತಿನ್ನುವ ಹಣ್ಣನ್ನು ಪೂರ್ತಿ ಕಪ್ಪಾಗುವ ತನಕ ಬಿಡಿ. ಕೆಂಪು ಬಣ್ಣಕ್ಕೆ ಮೋಸಹೋಗಿ ಕೊಯ್ದರೆ ತುಟಿಗೆಲ್ಲ ಅಂಟು. ತೊಟ್ಟು ಮುಟ್ಟಿದೊಡನೆ ಹಣ್ಣು ಕೈಗೆ ಬಂದರೆ ಅದು ಹದ. ಮಳೆ ಹಿಡಿದ ಮೇಲೆ ರುಚಿ ಸಪ್ಪೆಯಾಗುತ್ತದೆ, ಮೇ ಮುಗಿಯುವುದರೊಳಗೆ ಮುಗಿಸಿ. ಒಂದು ಮಾತು ಮಕ್ಕಳಿಗೆ ಹೇಳಿಕೊಡಲೇಬೇಕು: ಕವಳಿ ಕಣಗಿಲೆಯ ಕುಟುಂಬದ್ದು, ಕಣಗಿಲೆ ವಿಷ. ಹಾಲು ಬರುವ ಗಿಡದ ಹಣ್ಣೆಲ್ಲ ತಿನ್ನುವಂಥದ್ದಲ್ಲ. ಮುಳ್ಳು, ಎಲೆ, ಹಣ್ಣು ಮೂರನ್ನೂ ತಿಳಿದವರು ತೋರಿಸಿದ ಮೇಲೇ ಬಾಯಿಗೆ ಹಾಕಿಕೊಳ್ಳಬೇಕು.

ಬೇಲಿಯ ಮೇಲ್ತುದಿಯ ಹಣ್ಣನ್ನು ನಾನು ಕೊಯ್ಯುವುದಿಲ್ಲ, ಅದು ಪಿಕಳಾರಗಳ ಪಾಲು. ಬೆಳಿಗ್ಗೆ ಆರಕ್ಕೆಲ್ಲ ಬಂದು ತಿಂದು, ಅಂಗಳದಲ್ಲಿ ಬಟ್ಟೆ ಒಣಹಾಕುವ ತಂತಿಯ ಮೇಲೆ ಸಾಲಾಗಿ ಕೂರುತ್ತವೆ. ಹೋದ ಜುಲೈನಲ್ಲಿ ಆ ತಂತಿಯ ಕೆಳಗೆ ಮೂರು ಸಸಿ ಎದ್ದಿದ್ದವು, ನಾನು ಬಿತ್ತದ್ದು. ಎಲೆ ಚಿವುಟಿದೆ, ಹಾಲು ಬಂತು. ಮೂರನ್ನೂ ಮಣ್ಣಿನ ಹೆಂಟೆ ಸಮೇತ ಎತ್ತಿ ಚೀಲಕ್ಕೆ ಹಾಕಿದ್ದೇನೆ. ಈ ಸಲದ ಮೃಗಶಿರಾ ಮಳೆಗೆ ರಸ್ತೆಯ ಹೊಸ ದರೆಯ ಮೇಲೆ ನೆಡಬೇಕು.