ಗೋವಿನ ಹಾಡು: ಹಲವು ಮನೆಮಾತಿನ ತರಗತಿಯಲ್ಲಿ ಕಲಿಸುವ ಬಗೆ

ಬೆಂಗಳೂರಿನ ಎಷ್ಟೋ ಸರ್ಕಾರಿ ಶಾಲೆಗಳಲ್ಲಿ ಕನ್ನಡ, ತೆಲುಗು, ತಮಿಳು, ಉರ್ದು, ಹಿಂದಿ ಆಡುವ ಮಕ್ಕಳು ಒಂದೇ ಕೋಣೆಯಲ್ಲಿ ಕೂರುತ್ತಾರೆ. ಪುಣ್ಯಕೋಟಿಯ ಕಥೆ ಅವರಿಗೆ ಕಷ್ಟವಲ್ಲ, ಹಾಡಿನ ಹಳೆಯ ಪದಗಳು ಕಷ್ಟ. ಹಾಗಾಗಿ ಪದಾರ್ಥ ಬರೆಸುತ್ತ ಶುರು ಮಾಡಬೇಡಿ, ತಾಳದಿಂದ ಶುರು ಮಾಡಿ. ನಾಲ್ಕು–ಐದನೇ ತರಗತಿಗೆ 40 ನಿಮಿಷದ ಐದು ಪೀರಿಯಡ್ ಸಾಕು.

ಮೊದಲು ಎಂಟು ಪದ್ಯ ಆರಿಸಿಕೊಳ್ಳಿ: ಆರಂಭ, ಗೊಲ್ಲ ಹಸುಗಳನ್ನು ಕರೆಯುವುದು, ಹುಲಿ ಅಡ್ಡಗಟ್ಟುವುದು, ಹಸುವಿನ ಬೇಡಿಕೆ, ಕರುವಿನ ಪ್ರಶ್ನೆ, ಉಳಿದ ಹಸುಗಳಿಗೆ ಕರುವನ್ನು ಒಪ್ಪಿಸುವುದು, ಮರಳಿ ಬರುವುದು, ಹುಲಿಯ ಸಾವು. ಪಾಠಾಂತರಗಳಿವೆ. ಹುಲಿಯ ಹೆಸರೇ ಒಂದೊಂದು ಪುಸ್ತಕದಲ್ಲಿ ಒಂದೊಂದು ಥರ. ಒಂದು ಪಾಠವನ್ನು ಹಿಡಿದು ಅದನ್ನೇ ಉಳಿಸಿಕೊಳ್ಳಿ.

ಮೊದಲ ಪೀರಿಯಡ್ಡಿನಲ್ಲಿ ಪುಸ್ತಕ ಮುಚ್ಚಿಸಿ. ಎರಡು ಸಲ ನೀವು ಹಾಡಿ, ಮೂರನೆಯ ಸಲ ಮಕ್ಕಳು ಚಪ್ಪಾಳೆ ಹಾಕಲಿ. ನಡೆ ಮೂರು–ನಾಲ್ಕು ಮಾತ್ರೆಯದು: ತಕಿಟ ತಕಧಿಮಿ. ಬೋರ್ಡಿನ ಮೇಲೆ ‘ಧರಣಿ | ಮಂಡಲ | ಮಧ್ಯ | ದೊಳಗೆ’ ಎಂದು ಗೆರೆ ಹಾಕಿ ತೋರಿಸಿ. ಕೊನೆಯ ಗಣದಲ್ಲಿ ಮೂರೇ ಮಾತ್ರೆ, ಹಾಡುವಾಗ ‘ಗೆ’ಯನ್ನು ಎಳೆಯಬೇಕು. ಸಾಮಾನ್ಯವಾಗಿ ಎಡವುವುದು ಇಲ್ಲೇ: ಸಿನಿಮಾ ಹಾಡಿನ ನಾಲ್ಕರ ತಾಳಕ್ಕೆ ಒಗ್ಗಿದ ಕೈ ‘ಧರಣಿ’ಯನ್ನೂ ನಾಲ್ಕಕ್ಕೆ ಎಳೆಯುತ್ತದೆ, ಎರಡನೇ ಸಾಲಿಗೆ ಎಲ್ಲ ಕಲಸುಮೇಲೋಗರ. ಹಾಡು ನಿಲ್ಲಿಸಿ, ಬರೀ ತಕಿಟ ತಕಧಿಮಿ ಹೇಳಿಸಿ ಮತ್ತೆ ಹಿಡಿಯಿರಿ.

ಎರಡನೇ ಪೀರಿಯಡ್ ಉಚ್ಚಾರಣೆಗೆ. ಹಿಂದಿ, ಉರ್ದು ಮನೆಯ ಮಕ್ಕಳಿಗೆ ‘ಕಾಳಿಂಗ’ದ ಳಕಾರ ಲಕಾರವಾಗುತ್ತದೆ. ತಮಿಳು ಮಕ್ಕಳಿಗೆ ಮಹಾಪ್ರಾಣ ತೊಡಕು. ಹಾಡಿನ ನಡುವೆ ತಿದ್ದಬೇಡಿ, ಆಮೇಲೆ ಬಿಡಿಪದವಾಗಿ ಹೇಳಿಸಿ. ‘ತಬ್ಬಲಿ’ಯಂಥ ಹತ್ತು–ಹನ್ನೆರಡು ಪದಗಳಿಗೆ ಚಿತ್ರದ ಚೀಟಿ ಮಾಡಿ, ಪಕ್ಕದಲ್ಲಿ ಮನೆಮಾತಿನ ಪದವನ್ನು ಮಕ್ಕಳೇ ಬರೆಯಲಿ.

ಮೂರು ಮತ್ತು ನಾಲ್ಕನೇ ಪೀರಿಯಡ್ ಅನುವಾದಕ್ಕೆ. ಒಂದೇ ಮನೆಮಾತಿನ ಐದಾರು ಮಕ್ಕಳ ಗುಂಪಿಗೆ ಒಂದೇ ಪದ್ಯ ಕೊಡಿ. ಮೊದಲು ಬಾಯಲ್ಲಿ ಕಥೆ, ಆಮೇಲೆ ಬರಹ. ಮೊದಲ ಪದ್ಯದಲ್ಲಿ ಧರಣಿ, ಮೆರೆಯುತಿಹ, ಇರುವ, ಪರಿಯ ಎಂದು ಪ್ರತಿ ಸಾಲಿನ ಎರಡನೇ ಅಕ್ಷರ ರಕಾರ. ತೆಲುಗಿನ ಪ್ರಾಸ, ತಮಿಳಿನ ಎದುಗೈ ಕೂಡ ಹೀಗೆಯೇ, ಆ ಮಕ್ಕಳು ಪ್ರಯತ್ನಿಸಬಹುದು. ಹಿಂದಿ, ಉರ್ದುವಿನಲ್ಲಿ ಪ್ರಾಸ ಸಾಲಿನ ಕೊನೆಗೆ ಬೀಳುತ್ತದೆ, ಅಲ್ಲೇ ಬೀಳಲಿ. ಕನ್ನಡದ ಪ್ರಾಸವನ್ನೂ ಧಾಟಿಯನ್ನೂ ಒಟ್ಟಿಗೆ ಹೇರಿದರೆ ಅರ್ಥವಿಲ್ಲದ ಸಾಲುಗಳು ಹುಟ್ಟುತ್ತವೆ. ಎರಡರಲ್ಲಿ ಒಂದನ್ನು ಬಿಡಬೇಕಾದರೆ ಪ್ರಾಸ ಬಿಡಿ.

ಉತ್ತರ ಭಾರತದ ಮನೆಗಳ ಮಕ್ಕಳಲ್ಲಿ ಕೆಲವರಿಗೆ ಬಹುಲಾ ಎಂಬ ಹಸುವಿನ ಕಥೆ ಗೊತ್ತಿರಬಹುದು. ಅದರಲ್ಲಿ ಅಡ್ಡಗಟ್ಟುವುದು ಸಿಂಹ, ಕೊನೆಗೆ ಅದು ಕೃಷ್ಣನೆಂದು ತಿಳಿಯುತ್ತದೆ. ನಮ್ಮ ಹುಲಿ ಪ್ರಾಣ ಬಿಡುತ್ತದೆ. ಹುಲಿ ಯಾಕೆ ಸಾಯಬೇಕಿತ್ತು ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಉತ್ತರ ಹೇಳಿಬಿಡದೆ ವಾದಕ್ಕೆ ಹತ್ತು ನಿಮಿಷ ಕೊಡಿ. ಗೋಪೂಜೆಯ ಉಪನ್ಯಾಸವಂತೂ ಬೇಡ, ಹಾಡು ನಿಂತಿರುವುದು ಕೊಟ್ಟ ಮಾತಿನ ಮೇಲೆ.

ಕೊನೆಯ ಪೀರಿಯಡ್ಡಿನಲ್ಲಿ ಪಾತ್ರ ಹಂಚಿ. ನಿರೂಪಣೆ ಎಲ್ಲರದು, ಕನ್ನಡದಲ್ಲೇ. ಕರುವಿನ ಪ್ರಶ್ನೆಯನ್ನು ಮಾತ್ರ ಪ್ರತಿ ಗುಂಪು ತನ್ನ ಭಾಷೆಯಲ್ಲಿ ಕೇಳಲಿ, ಪುಣ್ಯಕೋಟಿ ಪ್ರತಿ ಸಲ ಕನ್ನಡದಲ್ಲಿ ಉತ್ತರಿಸಲಿ. ಅದೇ ಸಾಲು ನಾಲ್ಕೈದು ಬಾರಿ ಕಿವಿಗೆ ಬೀಳುವುದರಿಂದ ಅದನ್ನು ಬೇರೆಯಾಗಿ ಬಾಯಿಪಾಠ ಮಾಡಿಸಬೇಕಿಲ್ಲ.